ದುಬಾರೆಯಲ್ಲಿ ಬರಿದಾದ ಬ್ಯಾಟರಿ

ದುಬಾರೆಯ ಆನೆಗಳನ್ನು ನೋಡಿ ಬಂದವರ ಮಾತಿನಲ್ಲಿ ಆನೆಯ ಸುದ್ದಿಯ ಜೊತೆಗೆ ಒಂದು ದೂರೂ ಸೇರಿಕೊಂಡಿರುವುದುಂಟು. ಬೆಂಗಳೂರಿನಲ್ಲಿ ಇಡೀ ದಿನ ಬಾಳುವ ಮೊಬೈಲು ಅಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೇ ಬರಿದಾಯಿತು. ಯಾರೊಡನೆಯೂ ಮಾತನಾಡಿದ್ದಿಲ್ಲ, ಜೇಬಿನಿಂದ ತೆಗೆದುದೂ ಅಪರೂಪ. ಆದುದರಿಂದ ಅದಕ್ಕೆ ವೈರಸ್ ತಗುಲಿರಬೇಕು ಎಂಬುದೇ ಆ ದೂರು. ದೂರು ಸುಳ್ಳಲ್ಲ, ಅದಕ್ಕೆ ಊಹಿಸಿಕೊಂಡ ಕಾರಣ ಮಾತ್ರ ಸರಿಯಲ್ಲ. ಈ ಊಹೆ ಬೆಳೆದು ಬಂದುದಕ್ಕೂ ಒಂದು ಚರಿತ್ರೆಯುಂಟು.

ಕುಶಾಲನಗರದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ, ಕಾವೇರಿಯ ದಡದಲ್ಲಿರುವ ದುಬಾರೆ, ಮೈಸೂರಿನ ದಸರೆಗೆ ಆನೆಗಳನ್ನು ಕಳುಹಿಸಿ ಹೆಸರಾದ ಶಿಬಿರ. ಹೊಳೆ ದಾಟಿದರೆ ಕಾಡು. ಗುಡ್ಡವೂ ದಟ್ಟವಾದ ಮರಗಳೂ ರೇಡಿಯೋ ಅಲೆಗಳನ್ನು ತಡೆಯುವುದರಿಂದ ಇಂಥ ಕಡೆಗಳಲ್ಲಿ ಸಿಗ್ನಲ್ ಕ್ಷೀಣಿಸುವುದು ಸಹಜ. ಜೇಬಿನಲ್ಲಿ ಸುಮ್ಮನಿರುವಂತೆ ಕಾಣುವ ಫೋನು ನಿಜವಾಗಿ ಸುಮ್ಮನಿರುವುದಿಲ್ಲ. ತಾನೆಲ್ಲಿರುವೆನೆಂದು ಆಗಾಗ ಟವರಿಗೆ ತಿಳಿಸುತ್ತಲೇ ಇರಬೇಕು. ಟವರು ಹತ್ತಿರವಿದ್ದರೆ ಪಿಸುಮಾತು ಸಾಕು, ದೂರವಾದರೆ ಕೂಗಬೇಕು. ಹಳೆಯ ಜಿಎಸ್‌ಎಂ ಫೋನುಗಳು 900 ಮೆಗಾಹರ್ಟ್ಸ್ ಅಲೆಗಳಲ್ಲಿ 2 ವಾಟುಗಳವರೆಗೆ ಶಕ್ತಿಯನ್ನು ಹೊರಸೂಸಬಲ್ಲವಾಗಿದ್ದುವು. ಇಂದಿನ 4ಜಿ ಫೋನಿನ ಮಿತಿ ಸಾಧಾರಣವಾಗಿ ಒಂದು ವಾಟಿನ ಐದರಲ್ಲೊಂದು ಪಾಲು. ಪೇಟೆಯಲ್ಲಿ ಇದರ ಅತ್ಯಲ್ಪ ಭಾಗವೇ ಸಾಕಾಗುತ್ತದೆ. ಕಾಡಿನಲ್ಲಿ ಮಿತಿಯವರೆಗೂ ಹೋಗಬೇಕಾಗಬಹುದು. ಟವರು ಸಿಕ್ಕದೆಯೇ ಹೋದರೆ ಹುಡುಕಾಟ ನಿಲ್ಲುವುದಿಲ್ಲ. ಬ್ಯಾಟರಿಯನ್ನು ತಿಂದುದು ಈ ಹುಡುಕಾಟ.

ನಮ್ಮ ದೇಶದ ಮೊದಲ ಮೊಬೈಲ್ ಕರೆ ಹೋದುದು 1995ರ ಜುಲೈ 31ರಂದು. ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಮಂತ್ರಿ ಸುಖ್ ರಾಮ್ ಅವರೊಡನೆ ಮಾತನಾಡಿದರು. ಆಗಿನ ಚಿಂತೆ ಹಣದ್ದು. ಬಂದ ಕರೆಗೂ ದುಡ್ಡು ತೆರಬೇಕಾಗಿದ್ದ ಕಾಲ ಅದು. ಅಂದಿನ ಫೋನುಗಳಲ್ಲಿ ನಿಕ್ಕಲ್ ಬ್ಯಾಟರಿಗಳೂ ಇದ್ದುವು. ಪೂರ್ತಿ ಖಾಲಿಯಾಗುವ ಮೊದಲೇ ಮತ್ತೆ ಮತ್ತೆ ಚಾರ್ಜು ಮಾಡಿದರೆ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯ ಶಕ್ತಿ ಕುಂದುವುದೆಂಬ ಎಚ್ಚರಿಕೆ ಹುಟ್ಟಿದುದು ಹೀಗೆ. 1991ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿಗೆ ಈ ನಿಯಮ ಸಲ್ಲದು. ಅದಕ್ಕೆ ಅಡಿಪಾಯ ಹಾಕಿದ ಗುಡೆನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು. ಈ ಬ್ಯಾಟರಿಗೆ ಪದೇ ಪದೇ ಪೂರ್ತಿ ಬರಿದಾಗುವುದೂ ಬಿಸಿಲಿನ ಕಾವೂ ಆಗದು. ಆದರೂ ಸೊನ್ನೆಗಿಳಿಸಿ ಚಾರ್ಜು ಮಾಡುವ ಹಳೆಯ ಪದ್ಧತಿ ಎಷ್ಟೋ ಮನೆಗಳಲ್ಲಿ ಉಳಿದಿದೆ. ಯಂತ್ರ ಬದಲಾಯಿತು, ಬುದ್ಧಿವಾದ ಬದಲಾಗಲಿಲ್ಲ.

ವೈರಸ್ಸಿನ ಭಯಕ್ಕೂ ಇಂಥದೇ ಮೂಲವಿದೆ. ಮೊಬೈಲಿನಿಂದ ಮೊಬೈಲಿಗೆ ಹರಡಿದ ಮೊದಲ ಪೀಡೆಯೆಂದು ಹೆಸರಾದುದು 2004ರಲ್ಲಿ ಕಾಣಿಸಿಕೊಂಡ ‘ಕ್ಯಾಬಿರ್’. ಸಿಂಬಿಯನ್ ಫೋನುಗಳನ್ನು ಅದು ಬ್ಲೂಟೂತ್ ಮೂಲಕ ಹೊಗುತ್ತಿತ್ತು. ಹಣ ಕದಿಯುತ್ತಿರಲಿಲ್ಲ, ಗುಟ್ಟು ಕದಿಯುತ್ತಿರಲಿಲ್ಲ. ಅದರ ಮುಖ್ಯ ಹಾನಿಯೆಂದರೆ, ಸುತ್ತಮುತ್ತ ಬೇರೆ ಫೋನುಗಳುಂಟೇ ಎಂದು ಎಡೆಬಿಡದೆ ಹುಡುಕಿ ಬ್ಯಾಟರಿಯನ್ನು ಬರಿದು ಮಾಡುವುದು! ಬ್ಯಾಟರಿ ಇಳಿದರೆ ವೈರಸ್ ಎಂಬ ನಂಬಿಕೆಗೆ ಆ ದಿನಗಳಲ್ಲಿ ಆಧಾರವಿತ್ತು. ಈಗಿನ ಪೀಡೆಗಳ ಸ್ವಭಾವ ಬೇರೆ. ಮದುವೆಯ ಕರೆಯೋಲೆಯೆಂದೋ ಬ್ಯಾಂಕಿನ ಸೂಚನೆಯೆಂದೋ ವಾಟ್ಸಾಪಿನಲ್ಲಿ ಬರುವ ‘ಎಪಿಕೆ’ ಕಡತವನ್ನು ಒತ್ತಿ ಒಳಗೆ ಬಿಟ್ಟುಕೊಂಡರೆ ಅದು ಸದ್ದಿಲ್ಲದೆ ಕುಳಿತು ಓಟಿಪಿಗಳನ್ನು ಓದುತ್ತದೆ. ಬ್ಯಾಟರಿ ಇಳಿಯಲೇಬೇಕೆಂದಿಲ್ಲ, ಇಳಿಯುವುದು ಬ್ಯಾಂಕಿನ ಲೆಕ್ಕ.

ಮೂರನೆಯ ಚಿಂತೆ ಡೇಟಾದ್ದು. 2016ರ ಸೆಪ್ಟೆಂಬರಿನಲ್ಲಿ ಜಿಯೋ 4ಜಿ ಸೇವೆಯನ್ನು ಆರಂಭಿಸಿ ಮೊದಲ ತಿಂಗಳುಗಳಲ್ಲಿ ಉಚಿತವಾಗಿಯೇ ಕೊಟ್ಟಿತು. ಆಮೇಲೆ ದಿನಕ್ಕಿಷ್ಟು ಜಿಬಿ ಎಂಬ ಲೆಕ್ಕ ಮನೆಮಾತಾಯಿತು. ಅಗ್ಗವಾದುದನ್ನು ಅಳೆಯುವವರು ಕಡಿಮೆ. ದುಬಾರೆಯಲ್ಲಿ ಆನೆಯ ಸ್ನಾನವನ್ನು ಹತ್ತು ನಿಮಿಷ ವೀಡಿಯೋ ಹಿಡಿದವರ ಫೋನು, ಯಜಮಾನರಿಗೆ ತಿಳಿಸದೆಯೇ ಅದನ್ನು ದೂರದ ಸಂಗ್ರಹಕ್ಕೆ ಕಳುಹಿಸಲು ಹೊರಟಿರಬಹುದು. ಸಿಗ್ನಲ್ ಕ್ಷೀಣವಾದುದರಿಂದ ಕಳುಹಿಸುವ ಕೆಲಸ ನಿಮಿಷಗಳ ಬದಲು ಗಂಟೆಗಟ್ಟಲೆ ನಡೆಯುತ್ತದೆ. ಡೇಟಾ ಹೋಗುತ್ತದೆ, ಜೊತೆಗೆ ಬ್ಯಾಟರಿಯೂ ಹೋಗುತ್ತದೆ. ವೈರಸ್ಸಿಗೆ ಕೆಟ್ಟ ಹೆಸರು ಬರುತ್ತದೆ.

ಇದೆಲ್ಲ ಪ್ರವಾಸಿಗರ ಸಣ್ಣ ತೊಂದರೆಯೆಂದು ಬಿಡುವಂತಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಹಲವೆಡೆ ರಸ್ತೆ, ವಿದ್ಯುತ್ತು, ದೂರವಾಣಿ ಮೂರೂ ಕಡಿದುಹೋದುವು. ಅಂಥ ಹೊತ್ತಿನಲ್ಲಿ ಫೋನಿನಲ್ಲಿ ಉಳಿದ ನೂರಕ್ಕೆ ಹತ್ತರಷ್ಟು ಚಾರ್ಜು ಒಂದು ಕುಟುಂಬದ ಆಸರೆ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, ಸೋಮವಾರಪೇಟೆ ತಾಲ್ಲೂಕಿನ ಉಪಾಧ್ಯಾಯರೊಬ್ಬರು ಸಿಗ್ನಲ್ಲಿಗಾಗಿ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಮಕ್ಕಳಿಗೆ ಪಾಠ ಹೇಳಿದರು. ಪೇಟೆಯವರಾದ ನಮಗೆ ಸಿಗ್ನಲ್ ಗಾಳಿಯಷ್ಟೇ ಸಹಜವಾದ ವಸ್ತು. ಮಲೆನಾಡಿನವರಿಗೆ ಅದು ಹತ್ತಿ ಹಿಡಿಯಬೇಕಾದ ವಸ್ತು.

ಪರಿಹಾರ ಕಷ್ಟದ್ದಲ್ಲ. ಯಾವ ಆ್ಯಪು ಎಷ್ಟು ಬ್ಯಾಟರಿ ತಿಂದಿತೆಂಬ ಪಟ್ಟಿ ಆಂಡ್ರಾಯ್ಡಿನಲ್ಲಿ 2009ರಿಂದಲೂ, ಎಷ್ಟು ಡೇಟಾ ತಿಂದಿತೆಂಬ ಪಟ್ಟಿ 2011ರಿಂದಲೂ ಇದೆ. ಸೆಟ್ಟಿಂಗ್ಸ್ ತೆರೆದು ನೋಡುವವರು ವಿರಳ. ಮೊಬೈಲ್ ನೆಟ್‌ವರ್ಕ್ ಎಂಬ ಹೆಸರು ಮೇಲಿದ್ದರೆ ತಪ್ಪು ಸಿಗ್ನಲ್ಲಿನದು. ಕಾಡಿನಲ್ಲಿರುವಷ್ಟು ಹೊತ್ತು ಏರೋಪ್ಲೇನ್ ಮೋಡ್ ಹಾಕಿದರೆ ಹುಡುಕಾಟ ನಿಲ್ಲುತ್ತದೆ, ಚಿತ್ರ ತೆಗೆಯಲು ಅಡ್ಡಿಯಿಲ್ಲ. ಚಿತ್ರಗಳ ಸಂಗ್ರಹಣೆಯನ್ನು ವೈಫೈ ಸಿಕ್ಕಾಗ ಮಾತ್ರ ನಡೆಯುವಂತೆ ಕಟ್ಟುಮಾಡಬಹುದು. ಗುರುತಿಲ್ಲದ ಆ್ಯಪು ಕಂಡರೆ ತೆಗೆದುಹಾಕಬೇಕು. ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ‘ವೈರಸ್ ಸಿಕ್ಕಿದೆ, ಇಲ್ಲಿ ಒತ್ತಿ’ ಎಂದು ಪರದೆಯ ಮೇಲೆ ಹೆದರಿಸುವ ಜಾಹೀರಾತನ್ನು ಮಾತ್ರ ಒತ್ತಬಾರದು. ಭಯವೇ ಅದರ ಬಂಡವಾಳ.

ದುಬಾರೆಯಲ್ಲಿ ಆನೆಗಳನ್ನು ರಾತ್ರಿ ಮೇಯಲು ಕಾಡಿಗೆ ಬಿಡುವ ವಾಡಿಕೆಯುಂಟು. ಬೆಳಿಗ್ಗೆ ಒಂದು ಆನೆ ಬಾರದಿದ್ದರೆ ಮಾವುತ ದೆವ್ವವನ್ನು ದೂರುವುದಿಲ್ಲ; ಜಾಡು ನೋಡಿಕೊಂಡು ಹೊರಡುತ್ತಾನೆ. ನಮ್ಮ ಜೇಬಿನ ಯಂತ್ರವೂ ರಾತ್ರಿಯೆಲ್ಲ ಮೇಯುತ್ತದೆ, ಜಾಡನ್ನೂ ಬಿಟ್ಟಿರುತ್ತದೆ. ನೋಡುವ ಅಭ್ಯಾಸ ನಮಗೆ ಬರಬೇಕು, ಅಷ್ಟೆ.