ಮಲಪ್ರಭೆಯ ಸೀಮೆಯಲ್ಲಿ ಇಲಿ, ಪ್ಲೇಗು ಮತ್ತು ಸಾಲ್ಮೊನೆಲ್ಲ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಚರಿತ್ರೆಯನ್ನು ಬರೆಯುವವರು ರಟ್ಟರ ಶಾಸನಗಳನ್ನೂ ರಾಣಿ ಚೆನ್ನಮ್ಮನ ಯುದ್ಧವನ್ನೂ ವಿಸ್ತಾರವಾಗಿ ವಿವೇಚಿಸಿ, ರೋಗರುಜಿನಗಳನ್ನು ಎರಡು ಪಂಕ್ತಿಗಳಲ್ಲಿ ಮುಗಿಸುವುದು ವಾಡಿಕೆ. ನಾವಿಲ್ಲಿ ಇಲಿಯನ್ನೂ ಚರಿತ್ರೆಯ ಪಾತ್ರವೆಂದೆಣಿಸಿ ವಿಚಾರಿಸಲೆಳಸಿದ್ದೇವೆ.

ಈ ಎರೆನಾಡಿನಲ್ಲಿ ಜೋಳವನ್ನು ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಕಾಳಿದ್ದಲ್ಲಿ ಇಲಿಯಿರುವುದು ಸಹಜವಷ್ಟೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿದ ಪ್ಲೇಗು ಅನಂತರದ ವರ್ಷಗಳಲ್ಲಿ ಈ ಜಿಲ್ಲೆಗಳಿಗೂ ಹಬ್ಬಿತು. 1908-09ರಲ್ಲಿ ಬೆಳಗಾವಿಯಲ್ಲಿಯೇ ಪ್ಲೇಗಿನ ಸಂಶೋಧನೆ ನಡೆಯಿತು. ಇಲಿಯ ಚಿಗಟವೇ ರೋಗವಾಹಕವೆಂದು ವಿಜ್ಞಾನಿಗಳು ನಿರ್ಣಯಿಸುವ ಮೊದಲೇ, ಮನೆಯಲ್ಲಿ ಇಲಿ ಬಿದ್ದೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದನ್ನು ಜನರು ಕಲಿತಿದ್ದರು. ಪಂಡಿತರಿಗಿಂತ ಪಾಮರರು ಮುಂದಿದ್ದುದಕ್ಕೆ ಇದೊಂದು ನಿದರ್ಶನ.

ಯುರೋಪಿನಲ್ಲಾದರೋ ರೋಗದಿಂದಲೇ ಇಲಿಯನ್ನು ಕೊಲ್ಲುವ ಹವಣಿಕೆ ನಡೆಯಿತು. ಲೋಫ್ಲರನು 1892ರಲ್ಲಿ ಗ್ರೀಸಿನ ಥೆಸಲಿಯಲ್ಲಿ ಹೊಲದಿಲಿಗಳ ಮೇಲೆ ಒಂದು ರೋಗಾಣುವನ್ನು ಪ್ರಯೋಗಿಸಿದನು. 1900ರಲ್ಲಿ ಪ್ಯಾರಿಸಿನ ಡಾನಿಷ್‌ ಮತ್ತೊಂದನ್ನು ಪ್ರಚಾರಕ್ಕೆ ತಂದನು. ಇವೆರಡೂ ಇಂದು ನಾವು ಸಾಲ್ಮೊನೆಲ್ಲ ಎನ್ನುವ ಕುಲದವು. ಮೊದಲನೆಯದು ಟೈಫಿಮ್ಯೂರಿಯಮ್, ಎರಡನೆಯದು ಎಂಟರಿಟಿಡಿಸ್. ವಿಪರ್ಯಾಸವೆಂದರೆ, ರೋಗಪೀಡಿತ ಹಸುವಿನ ಮಾಂಸ ತಿಂದು ಜರ್ಮನಿಯ ಫ್ರಾಂಕೆನ್‌ಹೌಸೆನ್ನಿನಲ್ಲಿ ಜನರು ಬೇನೆಬಿದ್ದಾಗ, 1888ರಲ್ಲಿ ಗಾರ್ಟ್ನರನು ಕಂಡುಹಿಡಿದಿದ್ದುದು ಈ ಎರಡನೆಯದನ್ನೇ! ಮನುಷ್ಯನಿಗೆ ನಿರಪಾಯವೆಂದು ಮಾರಿದ ಔಷಧವು ಮನುಷ್ಯನ ಅನ್ನಕ್ಕೆ ವಿಷವಾಯಿತು. ಸಾಯದೆ ಉಳಿದ ಇಲಿ ತನ್ನ ಕರುಳಿನಲ್ಲಿ ರೋಗಾಣುವನ್ನು ಹೊತ್ತು, ಹಿಕ್ಕೆಯ ಮೂಲಕ ಕಾಳುಕಡಿಗಳನ್ನು ಕೆಡಿಸುತ್ತದೆ. ಕೋಳಿ, ಹಂದಿ, ದನಗಳೂ ಈ ರೋಗಾಣುವಿಗೆ ಆಶ್ರಯ. ತತ್ತಿ, ಮಾಂಸ, ಕಾಯಿಸದ ಹಾಲು ಅದರ ವಾಹನ. 1960ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಇಂತಹ ಇಲಿಮದ್ದು ಕೂಡದೆಂದರು.

ಇತಿಹಾಸಕಾರನಿಗೆ ಇದರಿಂದ ಒದಗುವ ತೊಡಕು ಮರಣದ ಲೆಕ್ಕಗಳಲ್ಲಿದೆ. ಬ್ರಿಟಿಷರ ಕಾಲದಲ್ಲಿ ಹಳ್ಳಿಯ ಅಧಿಕಾರಿಗಳು ಸಾವುಗಳನ್ನು ಕಾಲರಾ, ಜ್ವರ, ಆಮಶಂಕೆ, ಸಿಡುಬು, ಪ್ಲೇಗು ಮುಂತಾದ ಕೆಲವೇ ಶೀರ್ಷಿಕೆಗಳಲ್ಲಿ ಬರೆಯುತ್ತಿದ್ದರು, ಮಲಪರೀಕ್ಷೆ ಅವರಿಗೆಲ್ಲಿಯದು? ಸವದತ್ತಿಯ ಯಲ್ಲಮ್ಮನ ಗುಡ್ಡದಂತಹ ಜಾತ್ರೆಯ ಕಾಲದಲ್ಲಿ ವಾಂತಿಭೇದಿಯಾದರೆ ಕಾಲರಾ ಎಂದೇ ಬರೆದು, ದೋಷವನ್ನು ಯಾತ್ರಿಕರ ಮೇಲೆ ಹೊರಿಸುವುದು ಸುಲಭವಾಗಿತ್ತು. ಕಾಲರಾ ಇರಲೇ ಇಲ್ಲವೆಂದು ನಮ್ಮ ವಾದವಲ್ಲ. ಅದರ ಹಾವಳಿ ನಿಸ್ಸಂದೇಹ. ಆದರೆ ಕಾಲರಾದಲ್ಲಿ ಜ್ವರವು ವಿರಳ, ಸಾಲ್ಮೊನೆಲ್ಲದಲ್ಲಿ ಸಾಮಾನ್ಯ. ಒಂದೇ ಪಾತ್ರೆಯ ಅಡಿಗೆ ಉಂಡವರು ಮಾತ್ರ ಆರು ಗಂಟೆಗಳಿಂದ ಮೂರು ದಿನಗಳೊಳಗೆ ಜ್ವರಸಹಿತ ಬೇನೆಬಿದ್ದರೆಂಬ ವಿವರ ಹಳೆಯ ಕಡತದಲ್ಲಿ ದೊರೆತರೆ, ಅಲ್ಲಿಯ ಶೀರ್ಷಿಕೆಯನ್ನು ನಾವು ಹಾಗೆಯೇ ನಂಬಲಾಗದು.