ಕುಮಟೆಯ ಹತ್ತಿ, ಮಜಗಾಂವಿನ ಗೋದಿ

ನನ್ನ ಮುತ್ತಜ್ಜ ಅಪ್ಪನ ಜೊತೆ ಜಗಳ ಕಾದು, ಉಣ್ಣುತ್ತಿದ್ದ ಎಲೆ ತಳ್ಳಿ, ಉಟ್ಟ ಬಟ್ಟೆಯಲ್ಲೇ ಮುಂಬೈಗೆ ಓಡಿಹೋದ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ಯಾರಿಗಾದರೂ ಮೂಗಿನ ತುದಿಗೆ ಸಿಟ್ಟು ಬಂದರೆ ‘ಮುತ್ತಜ್ಜನ ರಕ್ತ’ ಎನ್ನುವುದು ರೂಢಿ. ನನಗೆ ಮಾತ್ರ ಆ ಕಥೆ ಒಪ್ಪಿಗೆಯಾಗಿರಲಿಲ್ಲ. ಅವನು ಹಡಗಿನ ಬಡಗಿ. ಮೂವತ್ತೂ ತುಂಬದ ಒಬ್ಬ ಕಸುಬುದಾರ, ಹೆಂಡತಿಯನ್ನೂ ಉಳಿ–ಬಾಚಿಗಳನ್ನು ಹಿಡಿದು ಬೆಳೆದ ನದಿದಂಡೆಯನ್ನೂ ಬರೀ ಸಿಟ್ಟಿಗೆ ಬಿಟ್ಟುಹೋಗುತ್ತಾನೆಯೇ? ಯಲಹಂಕದ ಗಾಲಿ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಇದನ್ನು ಬೆನ್ನು ಹತ್ತಲು ಪುರುಸೊತ್ತು ಸಿಕ್ಕಿತು. ಯಶವಂತಪುರದಲ್ಲಿ ಕಾರವಾರದ ರೈಲು ಹತ್ತಿದರೆ ಸಕಲೇಶಪುರದ ಘಟ್ಟ ಇಳಿದು ರಾತ್ರಿಯೊಳಗೆ ಕುಮಟಾ.

ನಮ್ಮ ಮೂಲ ಅಘನಾಶಿನಿ ನದಿ ಸಮುದ್ರ ಸೇರುವಲ್ಲಿನ ತದಡಿಯ ಕಡೆ. ಮಳೆಗಾಲಕ್ಕೆ ಮುನ್ನ ಪತ್ತೇಮಾರಿ, ಮಚವೆಯಂಥ ಹಾಯಿಹಡಗುಗಳನ್ನು ದಡಕ್ಕೆ ಎಳೆದು ಮಡಲಿನ ಚಪ್ಪರ ಹಾಕುತ್ತಿದ್ದರು. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಮತ್ತೆ ಪಯಣ ಶುರುವಾಗುವ ಹೊತ್ತಿಗೆ ದುರಸ್ತಿ ಮುಗಿದಿರಬೇಕು. ಹಲಗೆ ಹಲಗೆಯ ನಡುವಿನ ಸಂದಿಗೆ ಹತ್ತಿಯ ಎಳೆ ಹೊಸೆದು ತುಂಬಿ, ಮೊಂಡು ಉಳಿಯಿಂದ ಬಡಿದು ಕೂರಿಸಿ, ಮೇಲೆ ರಾಳ ಮತ್ತು ಎಣ್ಣೆಯ ಪಾಕ ಬಳಿಯುವುದು ಈ ಕೆಲಸದ ಜೀವಾಳ. ಸಡಿಲ ಬಡಿದರೆ ನೀರು ಒಳಗೆ ಬರುತ್ತದೆ, ಬಿಗಿ ಹೆಚ್ಚಾದರೆ ಹತ್ತಿ ಒದ್ದೆಯಾಗಿ ಉಬ್ಬಿದಾಗ ಹಲಗೆಯೇ ಬಾಯಿ ಬಿಡುತ್ತದೆ. ಊರಿನಲ್ಲಿ ಉಳಿದಿರುವ ನಮ್ಮ ದಾಯಾದಿಗಳ ಮನೆಯಲ್ಲಿ ಅಂಥದೊಂದು ಉಳಿ ಇದೆ. ಅದರ ತಲೆ ಸುತ್ತಿಗೆಯ ಏಟಿಗೆ ಅಣಬೆಯಂತೆ ಅರಳಿದೆ, ಬಾಯಿ ಹೆಬ್ಬೆರಳಿನಷ್ಟು ಅಗಲ.

ಆ ಕೆಲಸಕ್ಕೆ ಅನ್ನ ಹಾಕುತ್ತಿದ್ದದ್ದೂ ಹತ್ತಿಯೇ. ಹುಬ್ಬಳ್ಳಿ, ಗದಗ, ಧಾರವಾಡದ ಕಪ್ಪು ನೆಲದಲ್ಲಿ ಬೆಳೆದ ಹತ್ತಿ ಎತ್ತಿನ ಗಾಡಿಗಳಲ್ಲಿ ಶಿರಸಿಗೆ ಬಂದು ದೇವಿಮನೆ ಘಟ್ಟ ಇಳಿಯುತ್ತಿತ್ತು. ಕುಮಟೆಯಲ್ಲಿ ಹಡಗು ಏರಿ ಮುಂಬೈ, ಅಲ್ಲಿಂದ ಇಂಗ್ಲೆಂಡು. ಬೆಳೆದವರು ಬಯಲುಸೀಮೆಯವರಾದರೂ ಲಿವರ್‌ಪೂಲಿನ ಪೇಟೆಯಲ್ಲಿ ಅದರ ಹೆಸರು ‘ಕುಮಟಾ ಹತ್ತಿ’. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಈ ದಾರಿಗೆ ಬಂದ ಕಳೆ ಹೇಳತೀರದು. ಮದ್ರಾಸಿನ ಕೈಯಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಇದ್ದದ್ದೂ ಹತ್ತಿಯ ವರ್ತಕರ ಒತ್ತಾಯ. ಕಾರವಾರವನ್ನು ದೊಡ್ಡ ಬಂದರು ಮಾಡುವ, ಅಲ್ಲಿಂದ ಹುಬ್ಬಳ್ಳಿಗೆ ಹಳಿ ಹಾಕುವ ಮಾತು ಆಗಲೇ ಎದ್ದಿತ್ತು.

ಮುತ್ತಜ್ಜ ಹುಟ್ಟಿದ್ದು ಆ ಸುಗ್ಗಿಯ ಕಾಲದಲ್ಲಿ. ಅವನು ಕಸುಬು ಕಲಿತು ಮುಗಿಸುವಷ್ಟರಲ್ಲಿ ಹಳಿ ಬಂತು, ಆದರೆ ಕಾರವಾರಕ್ಕಲ್ಲ. ಸದರ್ನ್ ಮರಾಠಾ ರೈಲ್ವೆ ಲೋಂಡಾ, ಕ್ಯಾಸಲ್ ರಾಕ್ ಮೇಲೆ ಸಾಗಿ ಪೋರ್ಚುಗೀಸರ ಗೋವೆಯ ಹಳಿಗೆ ಕೂಡಿಕೊಂಡಿತು. 1880ರ ದಶಕದ ಕೊನೆಗೆ ಹತ್ತಿ ನೇರ ಮರ್ಮಗೋವಾ ಬಂದರಿಗೆ ಹೋಗತೊಡಗಿತು. ಬೆಳಗಾವಿ, ಪುಣೆಯ ಮೇಲೆ ಮುಂಬೈಗೂ ಹಳಿ ಕೂಡಿತು. ಘಟ್ಟದಲ್ಲಿ ದಿನಗಟ್ಟಲೆ ತೆವಳುವ ಗಾಡಿ ಯಾರಿಗೆ ಬೇಕು? ಕುಮಟಾ, ಕಾರವಾರ ಎರಡೂ ಸೊರಗಿದವು. ಬಂದರು ಒಂದೇ ಏಟಿಗೆ ಸಾಯಲಿಲ್ಲ. ತೆಂಗಿನಕಾಯಿ, ಅಡಿಕೆ, ಮೆಣಸು, ಉಪ್ಪು, ಮಂಗಳೂರು ಹಂಚು ಆಮೇಲೂ ಬಹುಕಾಲ ಹಾಯಿಹಡಗಿನಲ್ಲೇ ಓಡಾಡಿದವು. ಆದರೆ ಹತ್ತು ಹಡಗಿಗೆ ಇದ್ದ ಬಡಗಿಗಳಿಗೆ ನಾಲ್ಕು ಹಡಗಿನ ಕೆಲಸ ಉಳಿದರೆ, ಮೊದಲು ಕೈ ಖಾಲಿಯಾಗುವುದು ಕಿರಿಯವನದು. ಮುತ್ತಜ್ಜ ಮೂರನೆಯ ಮಗ. ಆ ಊಟದೆಲೆಯ ಮುಂದೆ ಜಗಳ ನಡೆದಿದ್ದರೂ ಅದು ಕೂಲಿಯ ಜಗಳವೇ ಇರಬೇಕು.

ಹಾಗಾದರೆ ಮುಂಬೈಯೇ ಯಾಕೆ? ದಾರಿ ಗೊತ್ತಿತ್ತು. ನಮ್ಮ ಕರಾವಳಿಯ ಹಡಗುಗಳು ತಲೆಮಾರುಗಳಿಂದ ಹೋಗಿಬರುತ್ತಿದ್ದ ಊರು ಅದು. ಅಲ್ಲಿನ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ವಾಡಿಯಾ ಮನೆತನದವರು ತೇಗದ ಯುದ್ಧನೌಕೆಗಳನ್ನು ಕಟ್ಟಿದರು. ಅವರು 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲೀ’ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ತೇಲುತ್ತಿದೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಉಗಿಹಡಗುಗಳು ಸಾಲುಗಟ್ಟಿದವು, 1880ರಲ್ಲಿ ಪ್ರಿನ್ಸಸ್ ಡಾಕ್ ತೆರೆಯಿತು. ಹಡಗಿನ ಮೈ ಕಬ್ಬಿಣವಾದರೂ ಮೇಲಟ್ಟದ ಹಾಸು ಮರದ್ದು, ಜೀವರಕ್ಷಕ ದೋಣಿಗಳೂ ಮರದವು. ಆ ಹಾಸಿನ ಸಂದಿಗಳಿಗೂ ಎಳೆ ತುಂಬಿ ಬಡಿಯಬೇಕು. ಪಿ ಅಂಡ್ ಓ ಕಂಪನಿಯ ಹಡಗುಗಳು ದುರಸ್ತಿಗೆ ನಿಲ್ಲುತ್ತಿದ್ದ ಮಜಗಾಂವಿನಲ್ಲಿ ಮುತ್ತಜ್ಜ ಇದೇ ಕೆಲಸಕ್ಕೆ ಸೇರಿದ. ತದಡಿಯಲ್ಲಿ ಬೆಲೆ ಕಳೆದುಕೊಂಡಿದ್ದ ಕೈಗೆ ಅಲ್ಲಿ ತಿಂಗಳ ಸಂಬಳ.

1896ರಲ್ಲಿ ಗೋದಿಗಳ ಪಕ್ಕದ ಮಾಂಡವಿಯಲ್ಲೇ ಪ್ಲೇಗು ಕಾಣಿಸಿಕೊಂಡಿತು, ಜನ ಊರು ಬಿಟ್ಟು ಓಡಿದರು. ಮುತ್ತಜ್ಜ ಅಷ್ಟರಲ್ಲಿ ಕರೆಸಿಕೊಂಡಿದ್ದ ಹೆಂಡತಿಯನ್ನೂ ಕೂಸನ್ನೂ ಹಡಗು ಹತ್ತಿಸಿ ಊರಿಗೆ ಕಳಿಸಿ, ತಾನು ಉಳಿದ. ಆ ಕೂಸೇ ನನ್ನಜ್ಜ. ಮುಂದೆ ಅವನೂ ಗೋದಿಗೆ ಸೇರಿದ. ನನ್ನಪ್ಪ 1950ರ ದಶಕದಲ್ಲಿ ಜಾಲಹಳ್ಳಿಯ ಎಚ್‌ಎಂಟಿಗೆ ಬಂದು ಮತ್ತೀಕೆರೆಯಲ್ಲಿ ಮನೆ ಮಾಡಿದ. ನಾನು, 1984ರಲ್ಲಿ ಶುರುವಾದ ಯಲಹಂಕದ ಕಾರ್ಖಾನೆಯಲ್ಲಿ, ರೈಲ್ವೆಯ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಗ್ರಾಫೈಟಿನ ಅಚ್ಚಿನಲ್ಲಿ ಗಾಲಿ ಎರಕ ಹೊಯ್ದವನು. ನಮ್ಮ ಮನೆಯ ಕಸುಬನ್ನು ಕಸಿದುಕೊಂಡ ರೈಲೇ ನನಗೆ ಅನ್ನ ಕೊಟ್ಟಿತು. ಅದರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅಂದು ಮಾತಾಡಿದ ಹಳಿ, ಈಗ ಹುಬ್ಬಳ್ಳಿ–ಅಂಕೋಲಾ ಎಂಬ ಹೆಸರಿನಲ್ಲಿ, ಇನ್ನೂ ಘಟ್ಟ ಇಳಿದಿಲ್ಲ ಎಂಬುದು ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಮುತ್ತಜ್ಜನ ಹಾಗೆ ಊರು ಬಿಟ್ಟವರು ಎಷ್ಟು ಮನೆಗಳಲ್ಲಿ ಇಲ್ಲ?

ದಾಯಾದಿಗಳ ಪೆಟ್ಟಿಗೆಯಲ್ಲಿ ಉಳಿಯ ಜೊತೆ ಒಂದು ಅಡಮಾನ ಪತ್ರವೂ ಇತ್ತು. ಮುತ್ತಜ್ಜ ಹೊರಡುವ ಹಿಂದಿನ ವರ್ಷ, 1890ರಲ್ಲಿ, ಅವನ ಅಪ್ಪ ತೆಂಗಿನ ತೋಟವನ್ನು ಸಾಲಕ್ಕೆ ಇಟ್ಟಿದ್ದ. ಪತ್ರದ ಬೆನ್ನಿಗೆ ಸಾಲ ತೀರಿದ ಒಕ್ಕಣೆ ಇದೆ. ಕಂತು ಕಂತಾಗಿ ಹನ್ನೊಂದು ವರ್ಷ, ಪ್ರತಿ ಕಂತಿನ ಮುಂದೆಯೂ ‘ಮುಂಬೈ ಮನಿಯಾರ್ಡರು’ ಎಂದು ಬರೆದಿದೆ. ಅಂಚೆಯ ಮನಿಯಾರ್ಡರ್ ಆಗಿನ್ನೂ ಹೊಸದು, 1880ರಲ್ಲಿ ಶುರುವಾದದ್ದು. ಪ್ಲೇಗಿನ ವರ್ಷದ ಕಂತೂ ತಪ್ಪಿಲ್ಲ. ಕೊನೆಯಲ್ಲಿ ತೋಟ ಬಿಡಿಸಿಕೊಂಡವನ ಜಾಗದಲ್ಲಿ ಮುತ್ತಜ್ಜನ ಹೆಸರಿಲ್ಲ, ಅವನ ಅಪ್ಪನ ಹೆಬ್ಬೆಟ್ಟಿದೆ. ಆ ತೋಟದ ಕಾಯಿ ಈಗಲೂ ವರ್ಷಕ್ಕೊಂದು ಚೀಲ ನಮಗೆ ಯಲಹಂಕಕ್ಕೆ ಬರುತ್ತದೆ.