ಗುರುವಿನ ಹೆಸರು ಎಲ್ಲಿ ಬರುತ್ತದೆ? ನಿಸಿದಿ ಶಾಸನದಿಂದ ಅರ್ಪಣೆಯ ಪುಟದವರೆಗೆ ಒಂದು ಟಿಪ್ಪಣಿ

ಶಿಷ್ಯರ ಗುರುಭಕ್ತಿಯ ಬಗ್ಗೆ ನಮ್ಮಲ್ಲಿ ಕಥೆಗಳಿಗೆ ಬರವಿಲ್ಲ. 1921ರಲ್ಲಿ ರಾಧಾಕೃಷ್ಣನ್ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ಮಹಾರಾಜಾ ಕಾಲೇಜಿನ ವಿದ್ಯಾರ್ಥಿಗಳು ಅವರ ಗಾಡಿಯನ್ನು ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಹೋದದ್ದು ಪ್ರತಿವರ್ಷ ಸೆಪ್ಟೆಂಬರ್ 5ರ ಭಾಷಣಗಳಲ್ಲಿ ತಪ್ಪದೆ ಬರುತ್ತದೆ. ಆದರೆ ಎಳೆದವರು ಯಾರು, ಅವರು ಆ ಗುರುವಿನಿಂದ ಪಡೆದದ್ದೇನು ಎಂದು ಭಾಷಣಕಾರರು ಹೇಳುವುದಿಲ್ಲ. ಸಂಶೋಧನೆಗೆ ಒದಗುವುದು ಶಿಷ್ಯನೇ ಬರೆದ ಅಥವಾ ಬರೆಸಿದ, ಕಾಲ ನಿರ್ದಿಷ್ಟವಾದ ದಾಖಲೆ. ಕನ್ನಡನಾಡಿನಲ್ಲಿ ಅಂಥವು ಎರಡು ಕಡೆ ದಂಡಿಯಾಗಿ ಸಿಗುತ್ತವೆ. ಒಂದು ತೀರಿಕೊಂಡವರ ನೆನಪಿಗೆ ಜೈನರು ನಿಲ್ಲಿಸುತ್ತಿದ್ದ ನಿಸಿದಿ ಶಾಸನ, ಇನ್ನೊಂದು ಇಪ್ಪತ್ತನೆಯ ಶತಮಾನದ ಪುಸ್ತಕಗಳ ಅರ್ಪಣೆಯ ಪುಟ. ಇವೆರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದಾಗ ನನಗೆ ಕಂಡದ್ದು ಇಷ್ಟು: ಗುರುವಿನ ಪ್ರಭಾವ ಎಷ್ಟು ದೂರ ಹೋಯಿತೆಂದು ತಿಳಿಯಲು ಸ್ತುತಿಯ ಭಾಗ ಹೆಚ್ಚು ನೆರವಾಗದು, ಶಿಷ್ಯ ತನ್ನ ಹೆಸರು, ತನ್ನ ಕೆಲಸ ಹೇಳಿಕೊಳ್ಳುವ ಜಾಗವನ್ನು ಹುಡುಕಬೇಕು.

ಮೊದಲು ಒಂದು ವ್ಯತ್ಯಾಸ ಗುರುತಿಸಬೇಕು. ಅಧ್ಯಾಪಕರ ಪ್ರಸ್ತಾಪವಿರುವ ಶಾಸನಗಳೆಲ್ಲ ಕೃತಜ್ಞತೆಯ ದಾಖಲೆಗಳಲ್ಲ. ಚಿತ್ತಾಪುರದ ಬಳಿಯ ನಾಗಾವಿಯ 1058ರ ಶಾಸನ ಚಾಲುಕ್ಯ ದಂಡನಾಯಕ ಮಧುಸೂದನ ನಡೆಸಿದ ಘಟಿಕಾಸ್ಥಾನದ ಲೆಕ್ಕ ಕೊಡುತ್ತದೆ: ವೇದ ಓದುವ 200 ಮಂದಿ, ಶಾಸ್ತ್ರ ಓದುವ 52 ಮಂದಿ, ಅವರಿಗೆ ಉಪಾಧ್ಯಾಯರು, ಪುಸ್ತಕ ನೋಡಿಕೊಳ್ಳಲು ಆರು ಜನ ಸರಸ್ವತೀ ಭಂಡಾರಿಗರು. ಶಿಕ್ಷಣದ ಇತಿಹಾಸ ಬರೆಯುವವರಿಗೆ ಇದು ಬಂಗಾರ. ಆದರೆ ಆ 252 ಮಂದಿಯಲ್ಲಿ ಒಬ್ಬನ ದನಿಯೂ ಅಲ್ಲಿ ಕೇಳುವುದಿಲ್ಲ. 1162ರ ಬಳ್ಳಿಗಾವಿ ಕೋಡಿಮಠದ ಶಾಸನ ಎಷ್ಟೇ ಸೊಗಸಾಗಿದ್ದರೂ ಇದೇ ಮಾತು ಅದಕ್ಕೂ ಸಲ್ಲುತ್ತದೆ.

ಶ್ರವಣಬೆಳಗೊಳಕ್ಕೆ ಬಂದರೆ ಚಿತ್ರ ಬೇರೆಯಾಗುತ್ತದೆ. ಅಲ್ಲಿಯ ಶಾಸನಗಳು 1889ರ ಲೂಯಿ ರೈಸ್ ಸಂಪುಟದಲ್ಲಿ 144 ಇದ್ದವು; ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ 500 ಆದವು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ 1973ರ ಸಂಪುಟದಲ್ಲಿ 573ಕ್ಕೆ ಏರಿದವು. ಇವುಗಳಲ್ಲಿ ಗುರುಸ್ಮರಣೆಗೆ ಮೀಸಲಾದವು ಸಾಕಷ್ಟಿವೆ. ಅವುಗಳ ಪೈಕಿ ಹೆಸರಾದದ್ದು ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ಕಂಬದ ಮೇಲಿರುವ ಮಲ್ಲಿಷೇಣ ಪ್ರಶಸ್ತಿ. ಶಕ 1050ರ ಫಾಲ್ಗುಣದಲ್ಲಿ, ಎಂದರೆ 1129ರ ಮಾರ್ಚಿಯಲ್ಲಿ, ಒಂದು ಭಾನುವಾರ ಮಲ್ಲಿಷೇಣ ಮಲಧಾರಿದೇವರು ಸಲ್ಲೇಖನದಿಂದ ಮುಡಿಪಿದರು. ಪ್ರಶಸ್ತಿಯ ಬಹುಭಾಗ ಸಂಸ್ಕೃತದಲ್ಲಿದೆ, ಬಲು ದೀರ್ಘವಾಗಿದೆ. ಸಮಂತಭದ್ರ, ಸಿಂಹನಂದಿ, ಅಕಲಂಕ, ವಾದಿರಾಜ, ಅಜಿತಸೇನ ಹೀಗೆ ಆಚಾರ್ಯರು ಸಾಲಾಗಿ ಬರುತ್ತಾರೆ. ಅಕಲಂಕ ರಾಜಸಭೆಯಲ್ಲಿ ವಾದಿಗಳನ್ನು ಗೆದ್ದದ್ದನ್ನು ಅವನ ಬಾಯಿಂದಲೇ ಹೇಳಿಸಲಾಗಿದೆ. ಸಾಹಿತ್ಯ ಚರಿತ್ರಕಾರರು ಈ ಕಂಬಕ್ಕೆ ಮುಗಿಬಿದ್ದದ್ದು ಈ ಹೆಸರುಗಳಿಗಾಗಿ. ಅದು ಸಹಜವೇ. ಆದರೆ ಬಹುಪಾಲು ಹಿಂದಿನ ಕಾಲದವರ ಈ ಪಟ್ಟಿಯಿಂದ ಮಲ್ಲಿಷೇಣರು ತಮ್ಮ ಶಿಷ್ಯರಿಗೆ ಏನಾಗಿದ್ದರು ಎಂಬುದು ತಿಳಿಯುವುದಿಲ್ಲ. ಪರಂಪರೆಯ ಪಟ್ಟಿ ಒಂದು ಸಿದ್ಧ ಅಚ್ಚು. ಯಾವ ಆಚಾರ್ಯನ ಹೆಸರನ್ನು ಅದರ ಕೊನೆಗೆ ಸೇರಿಸಿದರೂ ಒಪ್ಪುತ್ತದೆ.

ಅಚ್ಚು ಸಡಿಲವಾಗುವುದು ಶಾಸನದ ತುದಿಯಲ್ಲಿ. ಅಲ್ಲಿ ಬರೆದವನ ಹೆಸರು ಮಲ್ಲಿನಾಥ ಎಂದಿದೆ. ಅವನು ಗುಡ್ಡ, ಅಂದರೆ ಮುನಿಯಲ್ಲದ ಗೃಹಸ್ಥ ಶಿಷ್ಯ. ಲಿಪಿಕಾರನಾಗಿ ತನ್ನ ಬಿರುದನ್ನೂ ಹೇಳಿಕೊಂಡಿದ್ದಾನೆ. ಕಂಡರಿಸಿದವನು ಗಂಗಾಚಾರಿ, ಬಿರುದುಳ್ಳ ರೂವಾರಿಗಳ ಮುಖತಿಲಕ. ಗುರುವಿನ ಸ್ಮಾರಕದ ಮೇಲೆ ತನ್ನ ಬಿರುದು ಹಾಕಿಕೊಳ್ಳುವುದು ಇಂದಿನವರಿಗೆ ಕೊಂಚ ಜಂಬವಾಗಿ ಕಾಣಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಬರೆಯುವುದೇ ವೃತ್ತಿಯಾದ ಶಿಷ್ಯ ತನ್ನ ಕಸುಬಿನ ಅತ್ಯುತ್ತಮ ಮಾದರಿಯನ್ನು ಗುರುವಿಗೆ ಸಲ್ಲಿಸಿ, ಇದು ನನ್ನ ಕೈಬರಹ ಎಂದು ರುಜು ಹಾಕಿದ್ದಾನೆ. ಆ ಕಂಬದ ಅಕ್ಷರಗಳ ಅಂದ ನೋಡಿದವರಿಗೆ ಈ ಮಾತು ವಿವರಿಸಬೇಕಿಲ್ಲ.

ಇದಕ್ಕಿಂತ ಹದಿನಾಲ್ಕು ವರ್ಷ ಹಿಂದಿನ ಇನ್ನೊಂದು ದಾಖಲೆ ನನ್ನ ವಾದಕ್ಕೆ ಹೆಚ್ಚು ಮುಖ್ಯ. ಶಕ 1037ರಲ್ಲಿ (1115) ಮೇಘಚಂದ್ರ ತ್ರೈವಿದ್ಯದೇವರು ತೀರಿಕೊಂಡರು. ನಿಸಿದಿಯನ್ನು ಮಾಡಿಸಿದವರು ಹಿರಿಯ ಶಿಷ್ಯ ಪ್ರಭಾಚಂದ್ರ ಸಿದ್ಧಾಂತದೇವರು. ಕೆಲಸ ನಡೆದದ್ದು ಹೊಯ್ಸಳ ದಂಡನಾಯಕ ಗಂಗರಾಜನ ಮಡದಿ ಲಕ್ಷ್ಮೀಮತಿಯ ಕೈಯಿಂದ. ಕಾರಣ ಸ್ಪಷ್ಟ. ದಿಗಂಬರ ಮುನಿಗೆ ಸ್ವಂತದ್ದೆನ್ನುವ ಕಾಸಿಲ್ಲ, ಗುರುವಿಗೆ ಕಲ್ಲು ನಿಲ್ಲಿಸಬೇಕಾದರೆ ಶ್ರಾವಕರ ಮನೆಯ ಹಣವೇ ಬೇಕು. ಎಂಟು ವರ್ಷದ ಮೇಲೆ, 1123ರಲ್ಲಿ, ವಿಷ್ಣುವರ್ಧನನ ರಾಣಿ ಶಾಂತಲೆ ಅದೇ ಬೆಟ್ಟದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿ ದತ್ತಿಯನ್ನು ತನ್ನ ಗುರು ಪ್ರಭಾಚಂದ್ರರಿಗೆ ಕೊಟ್ಟಳು. ಆ ಶಾಸನದಲ್ಲಿ ಪ್ರಭಾಚಂದ್ರರ ಗುರುತು ಮೇಘಚಂದ್ರ ತ್ರೈವಿದ್ಯದೇವರ ಶಿಷ್ಯರು ಎಂದು. ರಾಣಿಯ ಭೂದಾನಪತ್ರದಲ್ಲಿ, ಯಾರೂ ಸ್ತುತಿಗೆಂದು ಕೂರದ ಜಾಗದಲ್ಲಿ, ತೀರಿಹೋದ ಗುರು ಶಿಷ್ಯನ ವಿಳಾಸವಾಗಿದ್ದಾನೆ. 1115ರ ಪ್ರಶಸ್ತಿ ಪದ್ಯಗಳಿಗಿಂತ ಈ ಒಂದು ವಿಶೇಷಣ ಹೆಚ್ಚು ನಂಬಲರ್ಹ ಸಾಕ್ಷಿ ಎಂದು ನನ್ನ ಎಣಿಕೆ.

ಕಾವ್ಯಗಳಲ್ಲಿ ಗುರುವಿಗೆ ಇಷ್ಟು ಸಲೀಸಾದ ಸ್ಥಾನ ಇರಲಿಲ್ಲ. ಮುಧೋಳದ ಬಳೆಗಾರರ ಮನೆಯ ರನ್ನ ಕಲಿತದ್ದು ಅಜಿತಸೇನಾಚಾರ್ಯರಲ್ಲಿ. ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನಿಗೂ ಅವರೇ ಗುರು. ಬಳೆ ಮಾರುವವರ ಮಗನೂ ಗಂಗರ ಮಂತ್ರಿಯೂ ಒಬ್ಬನೇ ಆಚಾರ್ಯನ ಶಿಷ್ಯರಾದದ್ದು ಸಣ್ಣ ಸಂಗತಿಯಲ್ಲ. ಆದರೂ 993ರ ಅಜಿತಪುರಾಣದ ಕೇಂದ್ರದಲ್ಲಿ ಇರುವವಳು ಬರೆಸಿದ ಅತ್ತಿಮಬ್ಬೆ, ಗದಾಯುದ್ಧದಲ್ಲಿ ಸತ್ಯಾಶ್ರಯ. ಪಂಪನ ಭಾರತದಲ್ಲಿ ಅರಿಕೇಸರಿ ಅರ್ಜುನನೇ ಆಗಿಬಿಡುತ್ತಾನೆ. ಕುಮಾರವ್ಯಾಸ ರಾಜನನ್ನು ಬಿಟ್ಟು ಗದುಗಿನ ವೀರನಾರಾಯಣನ ಮುಂದೆ ಕೂತ. ಗುರುವಿಗೆ ಎಲ್ಲ ಕಡೆಯೂ ಪೀಠಿಕೆಯಲ್ಲಿ ಒಂದೆರಡು ಪದ್ಯ, ಅಷ್ಟೇ.

ಈ ಹಿನ್ನೆಲೆಯಲ್ಲಿ ನೋಡಿದರೆ ಶ್ರೀರಾಮಾಯಣದರ್ಶನಂನ ಅರ್ಪಣೆ ಎಷ್ಟು ದೊಡ್ಡ ಪಲ್ಲಟ ಎಂಬುದು ತಿಳಿಯುತ್ತದೆ. ಕುವೆಂಪು 1936ರಿಂದ 1946ರವರೆಗೆ ಬರೆದ, 22,291 ಸಾಲುಗಳ ಮಹಾಕಾವ್ಯದಲ್ಲಿ ಅರಸನೂ ದೇವರೂ ಕೂರುತ್ತಿದ್ದ ಜಾಗದಲ್ಲಿ ವಿಶ್ವವಿದ್ಯಾನಿಲಯದ ಸಂಬಳದ ಮೇಷ್ಟರೊಬ್ಬರು ಬಂದು ಕೂತಿದ್ದಾರೆ: ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ, ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕ ಟಿ.ಎಸ್. ವೆಂಕಣ್ಣಯ್ಯನವರು. ಅವರು ತೀರಿಕೊಂಡದ್ದು 1939ರಲ್ಲಿ. ಕಾವ್ಯ ಆಗ ಅರ್ಧಕ್ಕೂ ಬಂದಿರಲಿಲ್ಲ ಎಂದು ಕಾಲದ ಲೆಕ್ಕವೇ ಸೂಚಿಸುತ್ತದೆ. ಅರ್ಪಣೆಯ ಪದ್ಯವನ್ನು ಪೂಜ್ಯಭಾವದಿಂದ ಓದಿ ಮುಂದೆ ಹೋಗುವವರೇ ಹೆಚ್ಚು. ನಿಧಾನವಾಗಿ ಓದಿದರೆ ಅಲ್ಲಿ ಗುರುವಿನ ಪಾಂಡಿತ್ಯದ ಪಟ್ಟಿಯಿಲ್ಲ, ಪರಂಪರೆಯಿಲ್ಲ. ಇರುವುದು ಮನೆಮಾತಿನಂಥ ಒಂದು ಪ್ರಸಂಗ: ಇನ್ನೊಮ್ಮೆ ಬರುತ್ತೇನೆ, ದಿನವೆಲ್ಲ ಕೂತು ಕೇಳುತ್ತೇನೆ, ಓದುವೆಯಂತೆ ಎಂದು ಗುರು ಹೇಳಿಹೋದದ್ದು. ಅವರು ಮತ್ತೆ ಬರಲಿಲ್ಲ. ಶಿಷ್ಯ ಮುಗಿಸಿ ತಂದಿದ್ದಾನೆ. ಅಂದರೆ ಇಲ್ಲಿ ಗುರು ಕೇಳುವವನ ಸ್ಥಾನದಲ್ಲಿದ್ದಾನೆ, ಶಿಷ್ಯ ಓದುವವನ ಸ್ಥಾನದಲ್ಲಿ. ಪ್ರಶಸ್ತಿಗಳ ಸಾವಿರ ವರ್ಷದ ಅಚ್ಚಿನಲ್ಲಿ ಈ ಅದಲುಬದಲು ನನಗೆ ಬೇರೆಲ್ಲೂ ಕಂಡಿಲ್ಲ.

ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಕುವೆಂಪು ಕನ್ನಡಕ್ಕೆ ಬಂದದ್ದು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹೇಳಿದ ಬುದ್ಧಿಮಾತಿನಿಂದ ಎಂಬ 1924ರ ಕಥೆ ಪಠ್ಯಪುಸ್ತಕಗಳಲ್ಲಿ ಜನಪ್ರಿಯ. ಅದು ನಿಜವೇ, ಕವಿಯೇ ಹೇಳಿಕೊಂಡದ್ದು. ಆದರೆ ಒಂದು ಭೇಟಿ ದಾರಿ ತಿರುಗಿಸಬಲ್ಲದು. ಹತ್ತು ವರ್ಷ ಹಿಡಿಯುವ ಕೆಲಸಕ್ಕೆ ಕೂತು ಕೇಳುವ ಒಂದು ಕಿವಿ ಬೇಕು. ಕಾವ್ಯ ಅರ್ಪಿತವಾದದ್ದು ಯಾರಿಗೆ ಎಂಬುದನ್ನು ಈ ದೃಷ್ಟಿಯಿಂದಲೂ ಗಮನಿಸಬೇಕು.

ಇದೇ ಕಾಲದಲ್ಲಿ ಇನ್ನೊಂದು ಪದ್ಧತಿಯೂ ಬೇರೂರಿತು. 1941ರಲ್ಲಿ ಬಿ.ಎಂ. ಶ್ರೀಕಂಠಯ್ಯನವರಿಗೆ ಶಿಷ್ಯರು, ಅಭಿಮಾನಿಗಳು ‘ಸಂಭಾವನೆ’ ಎಂಬ ಸಂಪುಟ ಒಪ್ಪಿಸಿದರು. ಆಮೇಲೆ ಬಂದ ಅಭಿನಂದನ ಗ್ರಂಥಗಳ ಸುಗ್ಗಿಯಲ್ಲಿ ಬರಿಯ ಹೊಗಳಿಕೆಯ ಜೊಳ್ಳೂ ಬೇಕಾದಷ್ಟಿದೆ. ಗಟ್ಟಿ ಸಂಪುಟಗಳಲ್ಲಿ ಮಾತ್ರ ಶಿಷ್ಯರು ಗುರುವಿನ ಕುರಿತು ಬರೆಯುವುದನ್ನು ಬಿಟ್ಟು, ಛಂದಸ್ಸು, ಶಾಸನ, ವ್ಯಾಕರಣ ಎಂದು ತಮ್ಮ ಹೊಸ ಕೆಲಸವನ್ನೇ ಮುಂದಿಡುತ್ತಾರೆ. ಮಲ್ಲಿನಾಥನ ರುಜುವಿಗೆ ಇವು ಹತ್ತಿರ.

ವೆಂಕಣ್ಣಯ್ಯನವರ ಹೆಸರಿನಲ್ಲಿರುವ ಪುಸ್ತಕಗಳು ಕಡಿಮೆ. ಹರಿಹರನ ಬಸವರಾಜದೇವರ ರಗಳೆಯ ಸಂಪಾದನೆ, ಎ.ಆರ್. ಕೃಷ್ಣಶಾಸ್ತ್ರಿಗಳೊಡನೆ ಬರೆದ ರಾಮಕೃಷ್ಣ ಪರಮಹಂಸರ ಚರಿತ್ರೆ, ಇನ್ನು ಕೆಲವು. ಗ್ರಂಥಸೂಚಿಯನ್ನೇ ಅಳತೆಗೋಲಾಗಿ ಹಿಡಿಯುವವರ ಸಾಹಿತ್ಯ ಚರಿತ್ರೆಯಲ್ಲಿ ಅವರಿಗೆ ಅರ್ಧ ಪುಟ ಸಿಕ್ಕರೆ ಹೆಚ್ಚು. ತಮ್ಮ ತ.ಸು. ಶಾಮರಾಯರ ‘ಮೂರು ತಲೆಮಾರು’ ಮನೆಯವರ ಕಣ್ಣಿನಿಂದ ಅವರನ್ನು ತೋರಿಸುತ್ತದೆ. ವಿದ್ಯಾರ್ಥಿಗಳ ಕಣ್ಣಿನ ವೆಂಕಣ್ಣಯ್ಯ ಚದುರಿಹೋಗಿದ್ದಾರೆ, ಬೇರೆಯವರ ಪುಸ್ತಕಗಳ ಅರ್ಪಣೆ, ಅರಿಕೆ, ಮುನ್ನುಡಿಗಳಲ್ಲಿ. 1920ರಿಂದ 1960ರವರೆಗಿನ ಕನ್ನಡ ಪುಸ್ತಕಗಳ ಅರ್ಪಣೆಗಳನ್ನು ಒಂದು ಸೂಚಿಯಾಗಿ ಜೋಡಿಸಿದರೆ ಯಾವ ಮೇಷ್ಟರು ಎಷ್ಟು ಜನರ ಕೆಲಸದ ಹಿಂದೆ ಇದ್ದರು ಎಂಬುದು ತಕ್ಕಮಟ್ಟಿಗೆ ತಿಳಿದೀತು. ತೊಡಕು ಇರುವುದು ಸಾಮಗ್ರಿಯಲ್ಲಿ. ಗ್ರಂಥಾಲಯದ ಸೂಚಿಪತ್ರದಲ್ಲಿ ಲೇಖಕ, ಪ್ರಕಾಶಕ, ವರ್ಷ, ಪುಟಗಳಿಗೆ ಕಲಮು ಇದೆ, ಅರ್ಪಣೆಗೆ ಇಲ್ಲ. ಹಳೆಯ ಪ್ರತಿಗಳಿಗೆ ಮರುಬೈಂಡು ಹಾಕುವಾಗ ಮೊದಲು ಉದುರುವುದು ಪುಟಸಂಖ್ಯೆ ಇಲ್ಲದ ಮುಂದಿನ ಹಾಳೆಗಳೇ. ಮರುಮುದ್ರಣಗಳನ್ನು ನಂಬಿ ಈ ಕೆಲಸ ಮಾಡಲಾಗದು. ಸಾಧ್ಯವಾದಲ್ಲೆಲ್ಲ ಮೊದಲ ಮುದ್ರಣದ ಪ್ರತಿಯನ್ನೇ ತೆಗೆದು ನೋಡಬೇಕು, ಅದೂ ಒಂದಕ್ಕಿಂತ ಹೆಚ್ಚು ಗ್ರಂಥಾಲಯಗಳಲ್ಲಿ.